ಎಡತೋಳು ಗುಬ್ಬಿಯಲ್ಲಿ, ಬಲತೋಳು ಅಮೃತೂರಿನಲ್ಲಿ

ಗುರುವಾರ ಮಧ್ಯಾಹ್ನ ಅಂಗಡಿಯ ಗಾಜಿನ ಮೇಜಿನ ಮೇಲೆ ಎರಡು ತೋಳುಗಳು ಬಂದು ಬಿದ್ದವು. ಗಾಬರಿಯಾಗಬೇಡಿ, ಬ್ಲೌಸಿನ ತೋಳುಗಳು. ಎರಡೂ ಕಡುಹಸಿರು ರೇಷ್ಮೆ, ಎರಡರ ಮೇಲೂ ಸಾಲಾಗಿ ಏಳೇಳು ಮಾವಿನಕಾಯಿ ಕಸೂತಿ. ಎಡತೋಳು ಗುಬ್ಬಿಯಿಂದ ಬಂದಿತ್ತು. ಬಲತೋಳು ಕುಣಿಗಲ್ ತಾಲ್ಲೂಕಿನ ಅಮೃತೂರಿನಿಂದ. ಭಾನುವಾರ ಬೆಳಗ್ಗೆ ಒಬ್ಬಳೇ ಮದುಮಗಳು ಈ ಎರಡನ್ನೂ ಒಟ್ಟಿಗೆ ತೊಡಬೇಕಿತ್ತು. ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ತೋಳು ಈ ಮದುವೆಗೆ ಬಂದಿದೆ, ಇನ್ನೊಂದು ಛತ್ರ ತಪ್ಪಿ ಬಂದಿದೆ ಅನ್ನುವ ಹಾಗಿತ್ತು.

ಎಡತೋಳಿನಲ್ಲಿ ಪ್ರತಿ ಮಾವಿನಕಾಯಿಯ ಅಂಚಿಗೂ ಒಂದು ಕೆಂಪು ಮಣಿ, ಒಂದು ಚಿನ್ನದ ಮಣಿ, ಮತ್ತೆ ಕೆಂಪು, ಮತ್ತೆ ಚಿನ್ನ. ಒಳಗೆ ನುಣುಪಾದ ರೇಷ್ಮೆದಾರದ ತುಂಬು. ಬಲತೋಳಿನಲ್ಲಿ ಮಣಿಯೇ ಇಲ್ಲ. ಅಂಚಿಗೆ ತಾಮ್ರದ ಬಣ್ಣದ ಜರಿ. ಒಳಗೆ ಸಣ್ಣ ಸಣ್ಣ ಚೌಕಳಿ, ಪುಟ್ಟ ಲುಂಗಿಯೊಂದನ್ನು ಮಾವಿನಕಾಯಿಗೆ ಸುತ್ತಿದ ಹಾಗೆ.

ಅಂಗಡಿಯ ಯಜಮಾನರು ಮಾತಾಡಲಿಲ್ಲ. ನಾವೆಲ್ಲ ಅವರನ್ನು ಭಾಯ್ ಅನ್ನುತ್ತೇವೆ. ಭಾಯ್ ಬೈದರೆ ಭಯವಿಲ್ಲ, ಬೈದ ಮೇಲೆ ಟೀ ಹೇಳುತ್ತಾರೆ. ಸುಮ್ಮನಾದರೆ ಮಾತ್ರ ತುಮಕೂರು ಹೊರಪೇಟೆಯ ಆ ಬೀದಿಯಲ್ಲಿ ಫ್ಯಾನು ತಿರುಗುವ ಸದ್ದೂ ಜಾಸ್ತಿ ಕೇಳಿಸುತ್ತದೆ.

ಈ ಅಂಗಡಿಯ ಪದ್ಧತಿ ಸ್ವಲ್ಪ ಹೇಳಬೇಕು. ಮದುವೆ ಬ್ಲೌಸಿಗೆ ಆರಿ ವರ್ಕ್ ಮಾಡಿಸಿಕೊಡುವ ಅಂಗಡಿ ಇದು. ಆರಿ ವರ್ಕ್ ಅಂದರೆ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಕೊಕ್ಕೆಸೂಜಿಯಲ್ಲಿ ದಾರ, ಜರಿ, ಮಣಿ ಕೂರಿಸುವ ಕೆಲಸ. ಮಾಡುವವರು ಸುತ್ತಲಿನ ಊರುಗಳಲ್ಲಿ ಮನೆಯಲ್ಲೇ ಕೂತ ಹೆಂಗಸರು. ಅರ್ಜೆಂಟ್ ಆರ್ಡರ್ ಬಂದರೆ ಭಾಯ್ ಬಟ್ಟೆಯನ್ನು ತುಂಡು ಮಾಡಿ ಎಡತೋಳು ಒಬ್ಬರಿಗೆ, ಬಲತೋಳು ಇನ್ನೊಬ್ಬರಿಗೆ, ಬೆನ್ನು ಮತ್ತೊಬ್ಬರಿಗೆ ಅಂತ ಬಸ್ಸಿಗೆ ಹಾಕುತ್ತಾರೆ. ಗೆರೆಯನ್ನು ಬಟ್ಟೆಯ ಮೇಲೇ ಅಚ್ಚು ಹಾಕಿರುತ್ತಾರೆ. ಯಾವ ಗೆರೆಗೆ ದಾರ, ಯಾವ ಗೆರೆಗೆ ಮಣಿ ಅನ್ನುವುದನ್ನು ಹೆಂಗಸರು ಫೋನಿನಲ್ಲಿ ಬಂದ ಪಟ ನೋಡಿ ಮಾಡುತ್ತಾರೆ. ದಾರ, ಮಣಿ ಅವರವರ ಡಬ್ಬಿಯದೇ. ಅಂದಮೇಲೆ ಎರಡು ತೋಳನ್ನೂ ಒಂದೇ ಬ್ಲೌಸು ಮಾಡುವುದು ಆ ಪಟ ಒಂದೇ.

ಆ ಪಟವನ್ನು ಎಲ್ಲರ ಫೋನಿಗೂ ಕಳಿಸುವ ವೆಬ್ ಪುಟ ಕಟ್ಟಿದವನು ನಾನು.

"ಯಾರ್ದು ತಪ್ಪು ಅಂತ ಕೇಳೋದೇ ಬ್ಯಾಡ," ಅಂದರು ಭಾಯ್ ಕೊನೆಗೆ. "ಗುಬ್ಬಿ ತೋಳು ಪಟದಂಗೇ ಐತೆ. ಅಮೃತೂರಿನವ್ಳು ಸ್ವಂತ ಬುದ್ಧಿ ಓಡ್ಸವ್ಳೆ. ಎಂಟು ವರ್ಷದಿಂದ ಕೆಲ್ಸ ಕೊಟ್ಟೆ, ಇವತ್ತು ನನ್ ಮರ್ಯಾದೆ ತೆಗದ್ಲು. ಲಿಸ್ಟಿಂದ ಅವ್ಳ ಹೆಸ್ರು ತೆಗಿ."

"ಭಾಯ್, ಒಂದ್ ನಿಮಿಷ..."

"ಏನ್ಲಾ ನಿಮಿಷ? ತೆಗಿ ಅಂದ್ರೆ ತೆಗಿ. ನೀನೇ ಒತ್ತು."

ಹೆಸರು ತೆಗೆಯುವ ಆ ಗುಂಡಿಯನ್ನೂ ನಾನೇ ಮಾಡಿದ್ದು. ಕೆಂಪಗೆ, ದೊಡ್ಡದಾಗಿ, ಭಾಯ್ ಅವರ ಹೆಬ್ಬೆರಳಿಗೆ ಸಲೀಸಾಗಲಿ ಅಂತ. ಒತ್ತಿದರೆ "ಖಚಿತವೇ?" ಅಂತ ಕೇಳುತ್ತದೆ. ಒತ್ತಿದೆ. ಕೇಳಿತು. ಬೆರಳು ಅಲ್ಲೇ ನಿಂತಿತು. ಯಾಕೆಂದರೆ ಇಡೀ ತುಮಕೂರಿನಲ್ಲಿ ಖಚಿತವಲ್ಲದ ಮನುಷ್ಯ ಆಗ ನಾನೊಬ್ಬನೇ.

ನನ್ನ ಅನುಮಾನದ ಬೇರು ಎರಡು ತಿಂಗಳ ಹಿಂದಿನದು. ಪಟಗಳು ತೆರೆದುಕೊಳ್ಳುವುದಿಲ್ಲ, ಗುಂಡಗೆ ಸುತ್ತುತ್ತಲೇ ಇರುತ್ತವೆ, ಆಮೇಲೆ ಫೋನೇ ನಿಂತುಬಿಡುತ್ತದೆ ಅಂತ ಹೆಂಗಸರಿಂದ ದೂರು ಬಂತು. ಬರದೆ ಏನು? ಭಾಯ್ ತೆಗೆದ ಫೋಟೋ ಒಂದೊಂದೂ ಏಳೆಂಟು ಎಂಬಿ. ನಾನು ಎದೆಯುಬ್ಬಿಸಿ ಕೂತು ಪ್ರತಿ ಫೋಟೋಗೂ ಮೂರು ಪ್ರತಿ ಮಾಡಿದೆ. ಟ್ಯಾಬಿನಂಥ ದೊಡ್ಡ ಪರದೆಗೆ ಸಾವಿರದ ಆರುನೂರು ಚುಕ್ಕಿ, ಅಂದರೆ ಪಿಕ್ಸೆಲ್, ಅಗಲ, ಕ್ವಾಲಿಟಿ ಎಂಬತ್ತು. ನನ್ನದರಂಥ ಮಧ್ಯಮ ಫೋನಿಗೆ ಎಂಟುನೂರು, ಕ್ವಾಲಿಟಿ ಅರವತ್ತು. ಸಣ್ಣ ಪರದೆಗೆ ನಾನೂರ ಎಂಬತ್ತು, ಕ್ವಾಲಿಟಿ ಮೂವತ್ತು. ಫೋನು ತನ್ನ ಅಗಲ ಹೇಳುತ್ತದೆ, ನನ್ನ ಪುಟ ಅದಕ್ಕೆ ತಕ್ಕ ಪ್ರತಿ ಕೊಡುತ್ತದೆ. ಸಣ್ಣ ಪರದೆಗೆ ಸಣ್ಣ ಪಟ, ಇದರಲ್ಲಿ ಏನು ತಪ್ಪು? ಏಳು ಎಂಬಿಯ ಆನೆಯನ್ನು ಬೆಂಕಿಪೊಟ್ಟಣದಲ್ಲಿ ಮಲಗಿಸಿದ್ದೇನೆ ಅಂತ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದೆ. ಪರೀಕ್ಷೆ ಮಾಡಿದ್ದು ಹೇಗೆ ಗೊತ್ತೇ? ಲ್ಯಾಪ್‌ಟಾಪಿನಲ್ಲಿ ಕಿಟಕಿಯನ್ನು ಫೋನಿನಷ್ಟು ಕಿರಿದು ಮಾಡಿ, ಕುರ್ಚಿಗೆ ಒರಗಿ, ದೂರದಿಂದ ನೋಡಿ "ಆಹಾ" ಅಂದೆ. ಅಷ್ಟೇ.

ಈಗ ಗುಬ್ಬಿಗೆ ಫೋನ್ ಮಾಡಿದೆ. ಎಡತೋಳು ಮಾಡಿದ ಹಿರಿಯ ಹೆಂಗಸು ಭಾಯ್ ಕಡೆಯ ನೆಂಟರು, ನನಗೂ ಖಾಲಾನೇ, ದೊಡ್ಡಮ್ಮ ಇದ್ದ ಹಾಗೆ.

"ಖಾಲಾ, ಪಟ ಯಾವುದ್ರಲ್ಲಿ ನೋಡ್ಕೊಂಡ್ ಮಾಡಿದ್ರಿ?"

"ಮೊಮ್ಮಗಳ ಟ್ಯಾಬು ಐತಲ್ಲ ಬೇಟಾ, ಅದ್ರಲ್ಲಿ. ಮಣಿ ಮೇಲೆ ಬಿದ್ದಿರೋ ಬೆಳಕೂ ಕಾಣ್ತದೆ. ಯಾಕೆ, ಕೆಟ್ಟೋಯ್ತಾ?"

ಭಾಯ್ ಫೋನು ಕಸಿದುಕೊಂಡು, ಬಲತೋಳನ್ನೂ ಶನಿವಾರದ ಒಳಗೆ ಮಾಡಿಕೊಡುತ್ತೀರಾ ಅಂದರು. ಖಾಲಾ ನಕ್ಕರು. "ಒಂದ್ ತೋಳಿಗೇ ಮೂರ್ ದಿನ ಆಯ್ತು, ನನ್ ಮಣಿಕಟ್ಟು ಊದ್ಕೊಂಡೈತೆ. ಆಗಲ್ಲ ಕಣಪ್ಪ." ಬೇರೆ ತೋಳಿಗೆ ಬಟ್ಟೆಯೂ ಉಳಿದಿರಲಿಲ್ಲ. ಇದ್ದ ತೋಳನ್ನೇ ಬಿಚ್ಚಿ, ಶನಿವಾರ ಮಧ್ಯಾಹ್ನದೊಳಗೆ ಅದರ ಮೇಲೇ ಮತ್ತೆ ಮಾಡಬೇಕು. ಮಾಡಬಲ್ಲ ಕೈ ಒಂದೇ. ಆ ಕೈಯ ಹೆಸರಿನ ಮೇಲೆ ನನ್ನ ಬೆರಳಿತ್ತು.

"ಅವರ ಫೋನಲ್ಲಿ ಏನ್ ಕಾಣ್ತದೋ ನೋಡ್ಕೊಂಡ್ ಬರ್ತೀನಿ ಭಾಯ್. ಆಮೇಲೆ ಒತ್ತೋಣ," ಅಂದೆ. ತೋಳನ್ನು ಕವರಿಗೆ ಹಾಕಿಕೊಂಡು, ಲ್ಯಾಪ್‌ಟಾಪು ಹೆಗಲಿಗೆ ಸಿಕ್ಕಿಸಿಕೊಂಡು ಓಡಿದೆ. ಇನ್ನೊಂದು ವಿಷಯ ಗೊತ್ತಿದ್ದೂ ಭಾಯ್‌ಗೆ ಹೇಳದೆ ಓಡಿದೆ ಅನ್ನುವುದನ್ನು ಇಲ್ಲೇ ಬರೆದುಬಿಡುತ್ತೇನೆ.

ಕುಣಿಗಲ್ ಬಸ್ಸು ಗೂಳೂರು ದಾಟುವಾಗ ಆ ವಿಷಯವನ್ನು ಕಿವಿಗೆ ಇಟ್ಟುಕೊಂಡು ಮತ್ತೆ ಕೇಳಿದೆ. ಸೋಮವಾರ ಬೆಳಗ್ಗೆ ಅಮೃತೂರಿನ ಅಕ್ಕ, ಅಂದರೆ ಬಲತೋಳು ಮಾಡಿದವರು, ನನಗೆ ವಾಯ್ಸ್ ಮೆಸೇಜು ಕಳಿಸಿದ್ದರು. "ತಮ್ಮಾ, ಮಾವಿನ್‌ಕಾಯಿ ಅಂಚ್ಗೆ ತಾಮ್ರದ್ ಜರಿ ತಾನೆ? ಒಳಿಕ್ಕೆ ಚೌಕಳಿ ತಾನೆ? ಯಾಕೋ ಅನ್ಮಾನ, ಒಸಿ ನೋಡಿ ಹೇಳು." ಅದಕ್ಕೆ ನನ್ನ ಉತ್ತರ, ಬಾಯಿತುಂಬ ತಟ್ಟೆ ಇಡ್ಲಿ ಇಟ್ಟುಕೊಂಡು, ಒಂದು ಬೆರಳಿಗೆ ಚಟ್ನಿ ಮೆತ್ತಿಕೊಂಡು, ಪಟವನ್ನು ತೆರೆದೂ ನೋಡದೆ: "ಪಟದಲ್ಲಿ ಹೆಂಗ್ ಕಾಣ್ತದೋ ಹಂಗೇ ಮಾಡಿ ಅಕ್ಕ."

ಕುಣಿಗಲ್ಲಿನಲ್ಲಿ ಪ್ರೈವೇಟ್ ಬಸ್ಸು ಹತ್ತಿದೆ. ಅಮೃತೂರಿಗೆ ಇಳಿಯುವಾಗ ನಾಲ್ಕು ಗಂಟೆ. ಅಕ್ಕನ ಮನೆಯ ಜಗಲಿಯಲ್ಲಿ ಚೌಕಟ್ಟು ಖಾಲಿ ನಿಂತಿತ್ತು. ಪಕ್ಕದಲ್ಲಿ ಅವರ ಅತ್ತೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು.

"ಇವ್ನೇಯಾ ಪಟ ಕಳ್ಸೋನು? ಒಳ್ಳೆ ಕಡ್ಡಿ ಇದ್ದಂಗವ್ನೆ," ಅಂದರು ಅತ್ತೆ.

ಅಕ್ಕ ನಗುತ್ತಾ ಬಂದವರು ನನ್ನ ಕೈಯ ಕವರು ನೋಡಿ ನಗು ನಿಲ್ಲಿಸಿದರು. "ತೋಳು ವಾಪಸ್ ಬಂದೈತಾ? ಯಾಕೆ?"

"ಏನಿಲ್ಲ ಅಕ್ಕ, ನಿಮ್ ಫೋನ್ ಒಂಚೂರು ಕೊಡಿ."

ಅಂಗೈಯಗಲದ ಫೋನು. ಪರದೆಯ ಮೂಲೆಯಲ್ಲಿ ಒಂದು ಬಿರುಕು. ಪಟ ತೆರೆದೆ. ದೂರದಿಂದ ಚೆನ್ನಾಗಿಯೇ ಇತ್ತು, ನಾನು "ಆಹಾ" ಅಂದದ್ದು ಸುಮ್ಮನೆ ಅಲ್ಲ. "ನೀವು ಹೆಂಗ್ ನೋಡ್ತೀರಾ?" ಅಂದೆ. ಅಕ್ಕ ಫೋನನ್ನು ಚೌಕಟ್ಟಿನ ಅಂಚಿಗೆ ಒರಗಿಸಿ, ಎರಡು ಬೆರಳಿಟ್ಟು ಎಳೆದರು. ಮತ್ತೆ ಎಳೆದರು. ಇನ್ನೊಮ್ಮೆ ಎಳೆದರು. ಒಂದೇ ಒಂದು ಮಾವಿನಕಾಯಿ ಇಡೀ ಪರದೆ ತುಂಬಿತು.

ನಾನು ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದೆ.

ಪಟದ ಕ್ವಾಲಿಟಿ ಇಳಿಸಿದಾಗ ಕಂಪ್ಯೂಟರು ಪಟವನ್ನು ಎಂಟು ಚುಕ್ಕಿ ಉದ್ದ, ಎಂಟು ಚುಕ್ಕಿ ಅಗಲದ ಪುಟ್ಟ ಚೌಕಗಳಾಗಿ ಒಡೆದು, ಒಂದೊಂದು ಚೌಕದೊಳಗಿನ ಸೂಕ್ಷ್ಮವನ್ನು ಎಸೆಯುತ್ತದೆ. ಬಣ್ಣವನ್ನಂತೂ ಇನ್ನೂ ದೊಡ್ಡ ಚೌಕಕ್ಕೆ ಹಂಚಿಬಿಡುತ್ತದೆ. ಹೀಗಾಗಿ ಕೆಂಪು ಮಣಿ, ಚಿನ್ನದ ಮಣಿ ಬೆರೆತು ಅಂಚಿನುದ್ದಕ್ಕೂ ತಾಮ್ರದ ಒಂದೇ ಗೆರೆಯಾಗಿತ್ತು. ನುಣುಪಾದ ಒಳತುಂಬಿನಲ್ಲಿ ಚೌಕಗಳು ಎದ್ದು ಕಾಣುತ್ತಿದ್ದವು. ಅಕ್ಕ ಅವನ್ನು ಎಣಿಸಿದ್ದರು. ಅಡ್ಡಕ್ಕೆ ಆರು, ಉದ್ದಕ್ಕೆ ಒಂಬತ್ತು. ತೋಳು ತೆಗೆದು ನೋಡಿದೆ. ಅಡ್ಡಕ್ಕೆ ಆರು, ಉದ್ದಕ್ಕೆ ಒಂಬತ್ತು. ಏಳು ಮಾವಿನಕಾಯಿಗೂ.

ಸ್ವಂತ ಬುದ್ಧಿ ಓಡಿಸಿದವರು ಅಕ್ಕನಲ್ಲ. ನನ್ನ ಕ್ವಾಲಿಟಿ ಮೂವತ್ತನ್ನು ಒಂದು ಚೌಕವೂ ತಪ್ಪದ ಹಾಗೆ ರೇಷ್ಮೆಯ ಮೇಲೆ ಕೂರಿಸಿದ್ದರು.

ಸಾಲದ್ದಕ್ಕೆ ಆ ಫೋನು ತನ್ನ ಅಗಲ ಮುನ್ನೂರ ಅರವತ್ತು ಅಂತ ಹೇಳುತ್ತಿತ್ತು, ಪರದೆಯ ಮೇಲೆ ನಿಜವಾಗಿ ಇದ್ದದ್ದು ಅದರ ಎರಡರಷ್ಟು ಚುಕ್ಕಿ. ನಾನು ಕೊಟ್ಟ ಪಟ ಅದಕ್ಕೆ ಮೊದಲೇ ಸಾಲುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಪೆದ್ದುತನ ಬೇರೆ. ದೊಡ್ಡ ಪರದೆಯವರು ಇದ್ದ ಹಾಗೇ ನೋಡುತ್ತಾರೆ. ಸಣ್ಣ ಪರದೆಯವರೇ ಬೆರಳಿಟ್ಟು ಹಿಗ್ಗಿಸುವುದು. ಯಾರಿಗೆ ಸೂಕ್ಷ್ಮ ಹೆಚ್ಚು ಬೇಕೋ ಅವರಿಗೇ ಹುಡುಕಿ ಹುಡುಕಿ ಕಳಪೆ ಪಟ ಕೊಟ್ಟಿದ್ದೆ.

"ಅಕ್ಕ, ಅದು ತಾಮ್ರ ಅಲ್ಲ," ಅಂದೆ. "ಕೆಂಪು ಮಣಿ, ಚಿನ್ನದ ಮಣಿ. ಒಳಗೆ ಚೌಕಳಿ ಇಲ್ಲ."

ಅಕ್ಕ ತೋಳನ್ನು ತೆಗೆದುಕೊಂಡು ಚೌಕಳಿಯ ಮೇಲೆ ಬೆರಳಾಡಿಸಿದರು. "ನಾನ್ ಕೇಳಿದ್ನಲ್ಲಪ್ಪ?"

"ಕೇಳಿದ್ರಿ."

"ಸಾಬ್ರು ಏನಂದ್ರು?"

ನಾನು ಉತ್ತರ ಹುಡುಕುತ್ತಿದ್ದಾಗ ಉತ್ತರವೇ ಫೋನು ಮಾಡಿತು. ಭಾಯ್. ಗಡಿಬಿಡಿಯಲ್ಲಿ ಒತ್ತಿದ್ದು ಸ್ಪೀಕರ್ ಗುಂಡಿ. ಗುಂಡಿಗಳ ವಿಷಯದಲ್ಲಿ ನನ್ನ ಹಣೆಬರಹ ಹೀಗೇ.

"ಏನ್ಲಾ, ನೋಡ್ದಾ? ಅವ್ಳ ಹೆಸ್ರು ತೆಗ್ದೆಯೋ ಇಲ್ವೋ? ಟೈಲರ್ ಇಲ್ಲೇ ಕುಂತವ್ನೆ."

ಜಗಲಿಯಲ್ಲಿ ಎಲ್ಲರಿಗೂ ಕೇಳಿಸಿತು. ಅತ್ತೆ ಅಗಿಯುವುದನ್ನು ನಿಲ್ಲಿಸಿದರು. ಅಕ್ಕ ಮಡಿಲಲ್ಲಿದ್ದ ಮಣಿಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ಮುಚ್ಚಿದರು. ಆ 'ಟಕ್' ಅನ್ನುವ ಸದ್ದು ನನಗೆ ಇನ್ನೂ ನೆನಪಿದೆ. ನೆಟ್‌ವರ್ಕ್ ಹೋಯಿತು ಅಂತ ಕತ್ತರಿಸಿಬಿಡಬಹುದಿತ್ತು. ಆ ಊರಲ್ಲಿ ಯಾರೂ ಅನುಮಾನ ಪಡುತ್ತಿರಲಿಲ್ಲ. ಹೆಬ್ಬೆರಳು ಆ ಕಡೆ ಹೋಯಿತು ಕೂಡ.

"ಭಾಯ್, ತಪ್ಪು ನಂದು," ಅಂದೆ. "ಅವರು ಪಟದಂಗೇ ಮಾಡವ್ರೆ. ಪಟಾನೇ ಕೆಡ್ಸಿದ್ದು ನಾನು. ಅವರು ಅನುಮಾನ ಬಂದು ಕೇಳಿದ್ರು ಕೂಡ. ಕೇಳಿ."

ಎರಡೂ ಮೆಸೇಜನ್ನು ಅಕ್ಕನ ಫೋನಿನಿಂದ ಹಾಕಿ ಕೇಳಿಸಿದೆ. ಹೊರಪೇಟೆಯ ಫ್ಯಾನಿನ ಸದ್ದು ಅಮೃತೂರಿನವರೆಗೂ ಕೇಳಿಸಿತು.

"ಅದು ನಿನ್ ದನಿನೇನ್ಲಾ?"

"ಹೌದು ಭಾಯ್."

"ಬಾಯಲ್ಲಿ ಏನಿತ್ತು?"

"ತಟ್ಟೆ ಇಡ್ಲಿ."

ಆಮೇಲೆ ಭಾಯ್ ದನಿ ಬದಲಾಯಿತು. "ಅಮ್ಮಾ, ಅಲ್ಲೇ ಇದೀಯಾ? ನನ್ ಮಾತು ಮನ್ಸಿಗ್ ಹಾಕೋಬೇಡ. ಶನಿವಾರ ಮಧ್ಯಾಹ್ನಕ್ಕೆ ಆಗ್ತದಾ?"

ಅಕ್ಕ ಅಂದರು, "ಪಟ ನೆಟ್ಟಗೆ ಕಂಡ್ರೆ ಆಗ್ತದೆ ಸಾಬ್ರೆ. ಕಾಣ್ದಿದ್ರೆ ನನ್ ಕೈಲಾಗಲ್ಲ."

"ಕೇಳಿಸ್ತೇನ್ಲಾ ಇಡ್ಲಿ?" ಅಂದು ಭಾಯ್ ಇಟ್ಟರು.

ದೊಡ್ಡ ಫೋಟೋವನ್ನೇ ಕೊಟ್ಟುಬಿಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಕೊಟ್ಟೆ. ಫೋನು ಐದು ನಿಮಿಷ ಕಣ್ಣು ಮುಚ್ಚಿತು, ಆಮೇಲೆ ಕಪ್ಪಾಗಿ, ತಾನೇ ಆರಿ ಮತ್ತೆ ಹತ್ತಿಕೊಂಡಿತು. ಲ್ಯಾಪ್‌ಟಾಪಿನಲ್ಲಿ ತೋರಿಸಿ ಹೋಗೋಣವೆಂದರೆ, ಅಕ್ಕ ಎರಡು ದಿನವೂ ಪ್ರತಿ ಮಣಿಗೂ ಪಟ ನೋಡಬೇಕು. ಪಟ ಆ ಫೋನಿನಲ್ಲೇ, ಆ ನೆಟ್‌ವರ್ಕಿನಲ್ಲೇ ಕಾಣಬೇಕು.

ಜಗಲಿಯ ಮೇಲೆ ಲ್ಯಾಪ್‌ಟಾಪು ತೆರೆದು ಕೂತೆ. ಆರೂವರೆಗೆ ಕುಣಿಗಲ್ಲಿಗೆ ಬಸ್ಸು. ಎರಡು ತಿಂಗಳಿಂದ ನಾನು ಕೇಳುತ್ತಿದ್ದ ಪ್ರಶ್ನೆಯೇ ತಪ್ಪು ಅಂತ ಗೊತ್ತಾಗಿತ್ತು. ಪರದೆ ಎಷ್ಟು ಅಗಲ ಅನ್ನುವುದು ಮೊದಲ ನೋಟಕ್ಕೆ ಮಾತ್ರ ಸಾಕು. ಆಮೇಲೆ ಕೇಳಬೇಕಾದದ್ದು, ಬೆರಳು ಎಲ್ಲಿದೆ? ಮೊದಲು ಇಡೀ ಪಟ, ಪರದೆಯ ನಿಜವಾದ ಚುಕ್ಕಿಗಳಿಗೆ ಸಾಲುವಷ್ಟು, ಸಾಧಾರಣ ಕ್ವಾಲಿಟಿಯಲ್ಲಿ. ಜೊತೆಗೆ ದೊಡ್ಡ ಫೋಟೋವನ್ನು ಆರು ಅಡ್ಡ, ನಾಲ್ಕು ಉದ್ದ, ಇಪ್ಪತ್ತನಾಲ್ಕು ತುಂಡು ಮಾಡಿ ಇಟ್ಟುಕೊಳ್ಳುವುದು. ಅಕ್ಕ ಎಲ್ಲಿ ಬೆರಳಿಟ್ಟು ಹಿಗ್ಗಿಸುತ್ತಾರೋ ಆ ತುಂಡು ಮಾತ್ರ ಎಂಬತ್ತೈದರ ಕ್ವಾಲಿಟಿಯಲ್ಲಿ ಬರಬೇಕು. ಬಣ್ಣವನ್ನು ದೊಡ್ಡ ಚೌಕಕ್ಕೆ ಹಂಚುವ ಚಾಳಿಯನ್ನೂ ಆ ತುಂಡುಗಳಿಗೆ ಬಂದ್ ಮಾಡಿದೆ.

ಐದೂ ಕಾಲಿಗೆ ಸಿದ್ಧವಾಯಿತು. "ಮುಟ್ಟಿ ಅಕ್ಕ," ಅಂದೆ, ರಿಬ್ಬನ್ ಕತ್ತರಿಸುವ ಮಂತ್ರಿಯ ಹಾಗೆ.

ಅಕ್ಕ ಮುಟ್ಟಿದರು. ಸುತ್ತಿತು. ಸುತ್ತುತ್ತಲೇ ಇತ್ತು. ಆಮೇಲೆ ಟುಣ್ ಅಂತ ಒಂದು ಮೆಸೇಜು: ಇವತ್ತಿನ ಡೇಟಾ ಮುಗಿದಿದೆ. ನಾನು ಬರೆದ ಒಂದು ಸಾಲಿನ ತಪ್ಪಿಗೆ, ಒಂದು ತುಂಡು ಮುಟ್ಟಿದರೆ ಇಪ್ಪತ್ತನಾಲ್ಕೂ ಓಡಿಬಂದಿದ್ದವು, ಅದೂ ಮತ್ತೆ ಮತ್ತೆ.

"ಹಂಗಾದ್ರೆ ನನ್ ಧಾರಾವಾಹಿ?" ಅಂದರು ಅತ್ತೆ. ಆ ಮನೆಯಲ್ಲಿ ಅವರು ಸಂಜೆ ಧಾರಾವಾಹಿ ನೋಡುತ್ತಿದ್ದದ್ದೂ ಅದೇ ಫೋನಿನಲ್ಲಂತೆ. "ಒಬ್ಳ್ ಕೆಲ್ಸ ಕಳೀತಿದ್ದ, ಈಗ ನಂದೂ ಕಳದ. ಇನ್ನೇನ್ ಮಾಡ್ತೀಯ, ಮನೆ ಹೆಂಚು ಇಳಿಸ್ತೀಯಾ?"

"ಸುಮ್ಕಿರಿ ಅತ್ತೆ, ಕೆಲ್ಸ ಮಾಡ್ಲಿ," ಅಂದರು ಅಕ್ಕ. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಚೌಕಟ್ಟಿಗೆ ತೋಳನ್ನು ಬಿಗಿದು, ಕೈ ಕಟ್ಟಿ ಕೂತು, ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಕೆಲಸ ಗೊತ್ತಿರುವವರು ಎದುರು ಕೂತು ನೋಡುತ್ತಿದ್ದರೆ ಒಂದೇ ಸಾಲನ್ನು ಮೂರು ಸಲ ಅಳಿಸಿ ಬರೆಯುತ್ತೇವೆ ಅಂತ ನನಗೆ ಆವತ್ತು ಗೊತ್ತಾಯಿತು.

ಅಕ್ಕನ ನಂಬರಿಗೆ ಒಂದು ದಿನದ ಪ್ಯಾಕು ಹಾಕಿಸಿದೆ. ಆ ಸಾಲನ್ನು ಸರಿಮಾಡಿದೆ. ಈ ಸಲ ಮೊದಲು ನಾನೇ ಆ ಫೋನಿನಲ್ಲಿ ಎರಡು ಬೆರಳಿಟ್ಟು, ಅಕ್ಕ ಎಳೆದಷ್ಟೇ ಸಲ ಎಳೆದು ನೋಡಿದೆ. ಒಂದೇ ತುಂಡು ಬಂತು. ಇನ್ನೊಂದು ಕಡೆ. ಅಲ್ಲೂ ಒಂದೇ. ಗಂಟೆ ಆರು ದಾಟಿತ್ತು. ಮಾತಾಡದೆ ಫೋನನ್ನು ಚೌಕಟ್ಟಿಗೆ ಒರಗಿಸಿದೆ. "ಆಹಾ" ಅನ್ನಲಿಲ್ಲ.

ಅಕ್ಕ ಹಿಗ್ಗಿಸಿದರು. ಮೊದಲು ಅದೇ ಮಸುಕು. ಎರಡು ಕ್ಷಣ. ಮೂರು. ಆಮೇಲೆ ತಾಮ್ರದ ಗೆರೆ ಒಡೆದು ಬಿಡಿಬಿಡಿಯಾಯಿತು. ಕೆಂಪು, ಚಿನ್ನ, ಕೆಂಪು, ಚಿನ್ನ. ಮಣಿಗಳ ಮೇಲೆ ಬಿದ್ದ ಬೆಳಕೂ ಕಂಡಿತು.

"ಮಣಿ," ಅಂದರು ಅಕ್ಕ, ಅಷ್ಟೇ. ಉಗುರಿನಲ್ಲಿ ತೋಳಿನ ಕೊನೆಯ ಗಂಟನ್ನು ಎಬ್ಬಿಸಿ, ದಾರದ ತುದಿ ಹಿಡಿದು ಎಳೆದರು. ಆರಿ ಹೊಲಿಗೆ ಒಂದೇ ದಾರದ ಸರಪಳಿ. ಕೊನೆಯ ಕೊಂಡಿ ಸಿಕ್ಕರೆ ಉಳಿದದ್ದು ತಾನೇ ಬರುತ್ತದೆ. ಸರ್ರನೆ ಒಂದು ಮಾವಿನಕಾಯಿಯ ಅಂಚು ಹೋಯಿತು. ಇನ್ನೊಂದು. ಮೂರು ದಿನ ಬೆನ್ನು ಬಗ್ಗಿಸಿ ಮಾಡಿದ್ದು ನನ್ನ ಕಣ್ಣೆದುರೇ ಸುರುಳಿ ಸುರುಳಿಯಾಗಿ ಅವರ ಕಾಲ ಬಳಿ ಬಿತ್ತು. ರೇಷ್ಮೆಯ ಮೇಲೆ ಸೂಜಿಯ ತೂತುಗಳು ಸಾಲಾಗಿ ಉಳಿದವು.

"ಅವು ಕಾಣಲ್ವಾ ಅಕ್ಕ?"

"ಮಣಿ ಕುಂತ್ರೆ ಮುಚ್ಕೋತದೆ. ನೀನ್ ಬಸ್ಸಿಗೋಗು."

ಶುಕ್ರವಾರ ನಾನು ಏನು ತಿಂದೆ ಅಂತ ನೆನಪಿಲ್ಲ, ಇಡ್ಲಿ ಅಲ್ಲ ಅನ್ನುವುದು ಮಾತ್ರ ಖಂಡಿತ. ದಿನವಿಡೀ ಪುಟದ ಹಿಂಬದಿಯಲ್ಲಿ ಕೂತು ಅಮೃತೂರಿನಿಂದ ಯಾವ ತುಂಡು ಕೇಳುತ್ತಿದ್ದಾರೆ ಅಂತ ನೋಡುತ್ತಿದ್ದೆ. ಬೆಳಗ್ಗೆ ಒಂದನೇ ಮಾವಿನಕಾಯಿಯ ತುಂಡು. ಮಧ್ಯಾಹ್ನಕ್ಕೆ ಮೂರನೆಯದು. ನಡುವೆ ಒಂದೂವರೆ ಗಂಟೆ ಏನೂ ಇಲ್ಲ. ಪಟ ನಿಂತಿತೋ, ಕರೆಂಟು ಹೋಯಿತೋ, ಅಕ್ಕ ಊಟಕ್ಕೆ ಎದ್ದರೋ? ಫೋನು ಮಾಡಿ ಕೆಲಸ ಕೆಡಿಸುವ ಧೈರ್ಯ ಬರಲಿಲ್ಲ. ಆಮೇಲೆ ನಾಲ್ಕನೆಯದರ ತುಂಡು ಬಂತು. ಏಳನೆಯದು ಬಂದಾಗ ನಡುರಾತ್ರಿ ದಾಟಿತ್ತು.

ಶನಿವಾರ ಒಂದೂ ಕಾಲಿಗೆ ಬಸ್ಸಿನ ಕಂಡಕ್ಟರು ಕೊಟ್ಟ ಕವರನ್ನು ಬಸ್ ಸ್ಟ್ಯಾಂಡಿನಿಂದ ತಂದು ಭಾಯ್ ಮುಂದಿಟ್ಟೆ. ಅವರು ಎಡತೋಳು, ಬಲತೋಳು ಜೋಡಿಸಿ, ಭೂತಗನ್ನಡಿ ಹಿಡಿದು ಏಳೂ ಮಾವಿನಕಾಯಿಯ ಮಣಿ ಎಣಿಸಿದರು. ಐದನೆಯದರ ಮೇಲೆ ಕನ್ನಡಿ ನಿಂತಿತು. ನಾನೂ ಪಕ್ಕದಿಂದ ಬಗ್ಗಿ ನೋಡಿದೆ. ಕನ್ನಡಿಗೆ ಧೂಳು ಮೆತ್ತಿತ್ತಂತೆ, ಒರೆಸಿಕೊಂಡು ಮುಂದಕ್ಕೆ ಹೋದರು. ಕೊನೆಗೆ ಎರಡನ್ನೂ ಟೈಲರಿಗೆ ದಾಟಿಸಿ, "ಟೀ ಹೇಳು," ಅಂದರು.

"ಭಾಯ್, ಬೈಯಲ್ವಾ?"

"ಟೀ ಬರ್ಲಿ ತಡಿ."

ಈಗ ನನ್ನ ಮೇಜಿನ ಮೇಲೆ ಅಕ್ಕನದರಂಥದೇ ಒಂದು ಹಳೆಯ ಫೋನು ಇದೆ. ಅದರಲ್ಲಿ ಎರಡು ಬೆರಳಿಟ್ಟು ಹಿಗ್ಗಿಸಿ ನೋಡದೆ ಒಂದು ಪಟವೂ ಆಚೆ ಹೋಗುವುದಿಲ್ಲ. ಕೆಂಪು ಗುಂಡಿಯನ್ನು ಭಾಯ್‌ಗೆ ಹೇಳಿಯೇ ತೆಗೆದುಹಾಕಿದೆ. ಹೆಸರು ತೆಗೆಯಬೇಕಾದರೆ ಇನ್ನು ಮೇಲೆ ಆಯಾ ಹೆಂಗಸಿಗೆ ಭಾಯ್ ಅವರೇ ಫೋನು ಮಾಡಿ ಹೇಳಬೇಕು.

ಮುಂದಿನ ಸೋಮವಾರ ಹೊಸ ಆರ್ಡರ್ ಹೋಯಿತು. ಸ್ವಲ್ಪ ಹೊತ್ತಿಗೆ ಅಮೃತೂರಿನಿಂದ ವಾಯ್ಸ್ ಮೆಸೇಜು. ಹಿಂದೆ ಅತ್ತೆಯ ಧಾರಾವಾಹಿಯ ಅಳು ಕೇಳುತ್ತಿತ್ತು.

"ತಮ್ಮಾ, ನವಿಲಿನ್ ಕಣ್ಣಿಗೆ ನೀಲಿ ಕಲ್ಲು ಕಾಣ್ತದೆ. ಪಟದಲ್ಲಿ ಕಂಡಂಗೇ ಮಾಡ್ಲಾ, ಇಲ್ಲ ನಿಂದು ತಿಂಡಿ ಆಗೋಗಂಟ ಕಾಯ್ಲಾ?"

ನಾನು ಕೈ ತೊಳೆದುಕೊಂಡೆ. ಹಳೆಯ ಫೋನು ತೆಗೆದುಕೊಂಡು ನವಿಲಿನ ಕಣ್ಣಿನ ಮೇಲೆ ಎರಡು ಬೆರಳಿಟ್ಟೆ.